ಎಂಟು ಬೋರಿನ ಕೋವಿ ಮನೆ ಕಾಯುತ್ತದೆಯೇ? ಮೂಡಿಗೆರೆ ಕಡೆಯ ಒಂದು ಪ್ರಕರಣ

2025ರ ಜನವರಿ, ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟ. ಅರೇಬಿಕಾ ಕುಯ್ಲು ಮುಗಿಯುತ್ತ ಬಂದಿತ್ತು. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದ ಕಾಫಿ ಬೀಜ) ಕಣದಲ್ಲಿ ಒಣಗುತ್ತಿತ್ತು. ಒಣಗಿದ್ದನ್ನು ಚೀಲಕ್ಕೆ ತುಂಬಿ ಕಣದ ಮೂಲೆಯಲ್ಲೇ ಟಾರ್ಪಾಲು ಹೊದಿಸಿ ಇಟ್ಟಿದ್ದರು. ಕಾಫಿಗೆ ಒಳ್ಳೆ ಬೆಲೆ ಬಂದಿದ್ದ ವರ್ಷ. ರಾತ್ರಿ ಎರಡರ ಹತ್ತಿರ ನಾಯಿ ಬೊಗಳಿತು. ಕಣದಲ್ಲಿ ಮಲಗಿದ್ದ ಕಾವಲಿನ ಅಜ್ಜ "ಯಾರ್ಲಾ ಅದು" ಎಂದು ಕೂಗಿದರು. ತೋಟದ ಯಜಮಾನರು, ಅರವತ್ನಾಲ್ಕು ವರ್ಷದ ಗೌಡರು, ಎದ್ದು ಬೀರುವಿನ ಹಿಂದೆ ನಿಲ್ಲಿಸಿದ್ದ ಕೋವಿ ತೆಗೆದುಕೊಂಡರು. ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯಿಂದ ಅವರ ತಂದೆ ತೋಟದ ಜೊತೆಗೇ ಕೊಂಡಿದ್ದ ಎಂಟು ಬೋರಿನ ಜೋಡುನಳಿಗೆ ಅದು.

ಬೆಳಗಾಗುವ ಹೊತ್ತಿಗೆ ಲೆಕ್ಕ ಇಷ್ಟಿತ್ತು. ಮೂರು ಚೀಲ ಪಾರ್ಚ್‌ಮೆಂಟ್ ಹೋಗಿತ್ತು. ಗೌಡರ ಬಲಗಡೆ ಕಾಲರ್ ಬೋನ್ ಬಿರುಕು ಬಿಟ್ಟಿತ್ತು. ಕಣದಿಂದ ಕೆಳಗಿರುವ, ತೋಟದ ಆಳುಗಳು ಇರುವ ಲೈನ್ ಮನೆಯೊಂದರ ಮಂಗಳೂರು ಹೆಂಚು ಒಡೆದು, ಚೂರುಗಳು ಒಲೆಯ ಪಕ್ಕ ಬಿದ್ದಿದ್ದವು. ಆ ಮನೆಯಲ್ಲಿ ಗಂಡ ಹೆಂಡತಿ ಮತ್ತು ಎರಡು ಮಕ್ಕಳು ಮಲಗಿದ್ದರು. ಕಳ್ಳರಿಗೆ ಏನೂ ಆಗಿರಲಿಲ್ಲ.

ನಾನು ಪೊಲೀಸ್ ಇಲಾಖೆಯಲ್ಲಿ ಆರ್ಮರರ್ ಆಗಿ ಮೂವತ್ತು ವರ್ಷ ಕೋವಿ ಬಿಚ್ಚಿ ಜೋಡಿಸಿ ನಿವೃತ್ತನಾದವನು. ಗೌಡರ ಹೆಂಡತಿ ನನ್ನನ್ನು ಅಣ್ಣ ಎಂದು ಕರೆಯುತ್ತಾರೆ, ಅವರ ಮಗನಿಗೆ ನಾನು ಮಾವ. ಘಟನೆಯಾಗಿ ಎರಡು ವಾರಕ್ಕೆ ಆ ತಾಯಿ ಫೋನ್ ಮಾಡಿದರು. "ಅಣ್ಣಾ, ಭುಜಕ್ಕೆ ಪಟ್ಟಿ ಹಾಕ್ಕೊಂಡು ಕೂತವ್ರೆ, ಆದ್ರೂ ಆ ಕೋವೀನೇ ಇಟ್ಕೋತೀನಿ ಅಂತಾರೆ. ಒಂದ್ಸಲ ಬಂದು ಹೇಳಿ." ನಾನು ಹೋದೆ. ಬರೀ ಹೇಳಿದರೆ ಗೌಡರು ಕೇಳುವವರಲ್ಲ. ಅದಕ್ಕೇ ಅಳೆದು, ತೂಗಿ, ಹೊಡೆಸಿ ತೋರಿಸಿದೆವು. ಆಗ ಕಂಡದ್ದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಎಂದಿದ್ದಾರೆ. "ಮನೆ ಕಾವಲಿಗೆ ದೊಡ್ಡ ಬೋರಿನ ಕೋವಿಯೇ ವಾಸಿ ಅಲ್ವಾ" ಎಂದು ಸಕಲೇಶಪುರದಿಂದ ಕೊಪ್ಪದವರೆಗೆ ನನ್ನನ್ನು ಕೇಳದ ಪ್ಲಾಂಟರು ಕಡಿಮೆ. ಹಾಗಾಗಿ ಈ ಒಂದು ಪ್ರಕರಣವನ್ನು ಪೂರ್ತಿ ಬಿಡಿಸಿಡುವುದು ಅಗತ್ಯ ಅನಿಸಿತು.

ಕೈಬಿಟ್ಟದ್ದು ಯಾವುದು, ಉಳಿಸಿಕೊಂಡದ್ದು ಯಾವುದು

ಕಥೆ ಶುರುವಾಗುವುದು ಆ ರಾತ್ರಿಯಲ್ಲ, 2020ರಲ್ಲಿ. 1959ರ ಆಯುಧ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಅಲ್ಲಿಯವರೆಗೆ ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಆಮೇಲೆ ಎರಡೇ. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸು ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕಾಯಿತು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯ್ತಿ ಉಂಟು. ಈ ಕಡೆಯ ನಮಗೆ ಅದಿಲ್ಲ. ಡಿಸಿ ಆಫೀಸಿನ ಲೈಸೆನ್ಸು ಪುಸ್ತಕದಲ್ಲಿ ಏನಿದೆಯೋ ಅಷ್ಟೇ.

ಗೌಡರ ಪುಸ್ತಕದಲ್ಲಿ ಮೂರಿತ್ತು. ಬೆಳೆ ಕಾಯಲು ಒಂದು ಕೇಪಿನ ಕೋವಿ (ಬಾಯಿಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಹಳೇ ಕೋವಿ), 12 ಬೋರಿನ ಜೋಡುನಳಿಗೆ ಒಂದು, ಮತ್ತು ಈ ಎಂಟು ಬೋರು. ಅವರು ಒಪ್ಪಿಸಿದ್ದು 12 ಬೋರನ್ನು. ಯಾಕೆ ಎಂದು ಕೇಳಿದೆ. "ಹನ್ನೆರಡು ಎಲ್ಲಾರ ಮನೇಲೂ ಐತೆ. ಇದು ಅಪ್ಪಂದು. ಅಲ್ದೆ ಆನೆ ಬಂದ್ರೂ ಇದೊಂದು ಇದ್ರೆ ಧೈರ್ಯ" ಎಂದರು. ತಂದೆಯ ನೆನಪಿನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಅದು ಅವರದು. ಆದರೆ ಧೈರ್ಯದ ಮಾತನ್ನು ಒರೆಗೆ ಹಚ್ಚಲೇಬೇಕಿತ್ತು.

ಮೊದಲು ಬೋರು ಎಂದರೇನು ಎನ್ನುವುದು ತಿಳಿದಿರಲಿ, ಏಕೆಂದರೆ ಎಂಟು ಎಂದರೆ ಹನ್ನೆರಡಕ್ಕಿಂತ ಚಿಕ್ಕದು ಎಂದುಕೊಂಡವರೂ ಇದ್ದಾರೆ. ಒಂದು ಪೌಂಡು ಸೀಸದಿಂದ, ಅಂದರೆ 454 ಗ್ರಾಮಿನಿಂದ, ಹನ್ನೆರಡು ಸಮನಾದ ಗುಂಡು ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ 12 ಬೋರು. ಎಂಟೇ ಗುಂಡು ಮಾಡಿದರೆ ಪ್ರತಿಯೊಂದೂ ದಪ್ಪ, ನಳಿಗೆಯೂ ಅಗಲ. ಅಂಕಿ ಇಳಿದಷ್ಟೂ ಕೋವಿ ದೊಡ್ಡದು. 12 ಬೋರಿನ ನಳಿಗೆ 18.5 ಮಿಲಿಮೀಟರ್, 10 ಬೋರು 19.7, 8 ಬೋರು 21.2. ನಾಲ್ಕು ಬೋರಿನ ಒಂದು ಗುಂಡೇ 113 ಗ್ರಾಂ ತೂಗುತ್ತದೆ.

ಇಷ್ಟು ದೊಡ್ಡ ಕೋವಿಗಳನ್ನು ಯಾರೂ ಸುಮ್ಮನೆ ಮಾಡಲಿಲ್ಲ. ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿ ದಾಟಿಸಲು ಬರುತ್ತಿರಲಿಲ್ಲ. ವೇಗ ಹೆಚ್ಚಿಸಲಾಗದ ಮೇಲೆ ಬಲ ಬೇಕಾದರೆ ಗುಂಡಿನ ತೂಕವನ್ನೇ ಹೆಚ್ಚಿಸಬೇಕು, ಅದಕ್ಕೆ ನಳಿಗೆಯನ್ನು ಅಗಲ ಮಾಡಬೇಕು. ಮೈಸೂರು ಸಂಸ್ಥಾನದಲ್ಲಿ 1870ರ ದಶಕದಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬರು ಆನೆಯ ಮುಂದೆ ಹಿಡಿದು ನಿಲ್ಲುತ್ತಿದ್ದದ್ದು ಇಂಥ ಭಾರಿ ಬೋರಿನ ಕೋವಿಗಳನ್ನೇ. ಹೊಗೆಯಿಲ್ಲದ ಮದ್ದು ಬಂತು, 1898ರಲ್ಲಿ .450 ನೈಟ್ರೊ ಎಕ್ಸ್‌ಪ್ರೆಸ್ ರೈಫಲ್ ಬಂತು, ಅಲ್ಲಿಗೆ ಆನೆ ಶಿಕಾರಿಗೆ ಎಂಟು ಮತ್ತು ನಾಲ್ಕು ಬೋರಿನ ಅಗತ್ಯ ಮುಗಿಯಿತು. ಇವತ್ತಿಗೂ ಎಂಟು ಬೋರಿನ ತೋಟೆ (ಕಾರ್ಟ್ರಿಜ್) ದುಡಿಯುವ ಜಾಗ ಒಂದುಂಟು: ಸಿಮೆಂಟ್ ಕಾರ್ಖಾನೆಯ ಗೂಡಿನೊಳಗೆ ಕಲ್ಲುಗಟ್ಟಿದ ಹೆಂಟೆಯನ್ನು ಹೊರಗಿನಿಂದಲೇ ಹೊಡೆದು ಕೆಡವಲು ಗಾಡಿಯ ಮೇಲೆ ಕೂರಿಸಿದ ಎಂಟು ಬೋರಿನ ಕೋವಿ ಬಳಸುತ್ತಾರೆ. ಗಾಡಿಯ ಮೇಲೆ ಎನ್ನುವುದನ್ನು ಗಮನಿಸಬೇಕು, ಭುಜದ ಮೇಲಲ್ಲ.

ಕೋವಿಯನ್ನು ಹತ್ತಿರದಿಂದ ನೋಡಿದಾಗ

ಘಟನೆಯ ನಂತರ ಕೋವಿಯನ್ನು ಪಟ್ಟಣದ ಕೋವಿ ಅಂಗಡಿಯೊಂದರಲ್ಲಿ ಜಮಾ ಇಟ್ಟಿದ್ದರು. ಗೌಡರು, ಮಗ, ನಾನು ಅಲ್ಲಿಗೇ ಹೋದೆವು. ಅಂಗಡಿಯವರು ಹಳದಿ ಫ್ಲಾನೆಲ್ ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಾಗ ನನಗೂ ಒಂದು ಗಳಿಗೆ ಕೈಮುಗಿಯುವ ಹಾಗಾಯಿತು. ಅಷ್ಟು ಚೆಂದದ ಕೆಲಸ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಯನ್ನು ಹುರಿ ಹೊಸೆದಂತೆ ಹೊಸೆದು ಬೆಸೆದ ಡಮಾಸ್ಕಸ್ ನಳಿಗೆ, ಅದರ ಮೈಮೇಲೆ ಬೀಟೆಮರದ ಗೆರೆಯಂಥ ಸುರುಳಿ. ಹೊರಗೆ ಎದ್ದು ಕಾಣುವ ಎರಡು ಕುದುರೆಗಳು, ಅಂದರೆ ತೋಟೆ ಸಿಡಿಸಲು ಬಡಿಯುವ ಸುತ್ತಿಗೆಗಳು.

ನಳಿಗೆ ಕಳಚಿ ತಳದ ಗುರುತು ಓದಿದೆ. ವಜ್ರದ ಆಕಾರದ ಚೌಕಟ್ಟಿನಲ್ಲಿ 8, ಕೆಳಗೆ ಸಿ ಅಕ್ಷರ. ಇಂಗ್ಲೆಂಡಿನ ಕೋವಿ ಪರೀಕ್ಷಾ ಮನೆಗಳು 1887ರಿಂದ ಒತ್ತಲು ಶುರುಮಾಡಿದ ಗುರುತು ಅದು. ಪಕ್ಕದಲ್ಲಿ ಚೋಕ್ ಎಂಬ ಒತ್ತು. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎನ್ನುವ ನೈಟ್ರೊ ಪ್ರೂಫ್ ಗುರುತು ಎಲ್ಲೂ ಇಲ್ಲ. ಈ ಮೂರು ಗುರುತಿನಲ್ಲಿ ಕೋವಿಯ ಜಾತಕವೇ ಇದೆ. ಒಂದು, ಇದು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದದ್ದು. ಈಗಿನ ಹೊಗೆಯಿಲ್ಲದ ಮದ್ದು ತುಂಬಿದರೆ ನಳಿಗೆ ಸಿಡಿಯಬಹುದು. ಎರಡು, ಇದು ಆನೆಯ ಕೋವಿ ಅಲ್ಲವೇ ಅಲ್ಲ. ಚೋಕ್ ಎಂದರೆ ಬಾಯಿಯ ಹತ್ತಿರ ನಳಿಗೆ ಕಿರಿದಾಗಿದೆ, ಅಂದರೆ ಎತ್ತರದಲ್ಲಿ ಹಾರುವ ಬಾತು ಮತ್ತು ಹೆಬ್ಬಾತಿಗೆ ಚರೆ (ಸಣ್ಣ ಸೀಸದ ಗುಂಡುಗಳು) ಹೊಡೆಯಲು ಮಾಡಿದ್ದು. ಆನೆಗೆಂದು ಇದರಲ್ಲಿ ಯಾರಾದರೂ ನಳಿಗೆ ತುಂಬುವ ಒಂದೇ ದೊಡ್ಡ ಗುಂಡು ತುರುಕಿ ಹೊಡೆದಿದ್ದರೆ ಆ ಕಿರಿದಾದ ಜಾಗದಲ್ಲಿ ಏನಾಗುತ್ತಿತ್ತೋ ಹೇಳುವುದು ಕಷ್ಟವಲ್ಲ. ಐವತ್ತು ವರ್ಷದಿಂದ ಆ ಮನೆಯಲ್ಲಿ "ಆನೆ ಕೋವಿ" ಎಂದೇ ಹೆಸರು ಪಡೆದಿದ್ದನ್ನು ಬಾತುಕೋಳಿಯ ಕೋವಿ ಎಂದು ಹೇಳುವಾಗ ನನಗೆ ಸಂಕಟವೇ ಆಯಿತು. ಗೌಡರು ಏನೂ ಹೇಳದೆ ಕೇಳಿಸಿಕೊಂಡರು.

ಎಡಗಡೆ ಕುದುರೆಯನ್ನು ಎಳೆದಲ್ಲೇ ಹಿಡಿದು ನಿಲ್ಲಿಸುವ ಕಚ್ಚು ಸವೆದಿತ್ತು. ಕುದುರೆ ಎಳೆದು ನಿಲ್ಲಿಸಿ, ಕೋವಿಯ ಬುಡವನ್ನು ರಬ್ಬರ್ ಚಾಪೆಯ ಮೇಲೆ ಒಂದು ಸಲ ಕುಟ್ಟಿದೆ. ಗುಂಡಿ (ಟ್ರಿಗರ್) ಮುಟ್ಟದೆಯೇ ಕುದುರೆ ಬಿತ್ತು. ಮತ್ತೆ ಕುಟ್ಟಿದೆ, ಮತ್ತೆ ಬಿತ್ತು. ಆ ರಾತ್ರಿಯ ಅರ್ಧ ಕಥೆ ಅಲ್ಲೇ ಗೊತ್ತಾಯಿತು.

ಇನ್ನು ತೋಟೆ. ಎಂಟು ಬೋರಿನ ತೋಟೆ ನಮ್ಮ ಕಡೆಯ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ಸಿಗುವುದೆಲ್ಲ 12 ಬೋರು. ಗೌಡರ ಹತ್ತಿರ ಇದ್ದದ್ದು ಅವರ ತಂದೆ ಕೈಯಾರೆ ತುಂಬಿಟ್ಟಿದ್ದ ಹಿತ್ತಾಳೆ ತೋಟೆಗಳು, ಬಿಸ್ಕೆಟ್ ಡಬ್ಬಿಯಲ್ಲಿ ಹನ್ನೊಂದು. ಎರಡು ಆ ರಾತ್ರಿ ಖರ್ಚಾಗಿ ಒಂಬತ್ತು ಉಳಿದಿತ್ತು. ಮಲೆನಾಡಿನ ಮಳೆಗೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಹತ್ತಿ, ಒಂಬತ್ತರಲ್ಲಿ ನಾಲ್ಕು ನಳಿಗೆಯ ಬುಡದೊಳಗೆ ಪೂರ್ತಿ ಇಳಿಯಲೇ ಇಲ್ಲ. ಅವತ್ತು ಕತ್ತಲಲ್ಲಿ ಗೌಡರ ಕೈಗೆ ಸಿಕ್ಕಿದ್ದು ಆ ನಾಲ್ಕರಲ್ಲಿ ಒಂದಾಗಿದ್ದರೆ ಕೋವಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಮನೆ ಕಾವಲಿಗೆ ಯಾವ ಕೋವಿ ಎಂಬ ಪ್ರಶ್ನೆಯಲ್ಲಿ ಜನ ಬೋರನ್ನು ನೋಡುತ್ತಾರೆ, ತೋಟೆಯನ್ನು ನೋಡುವುದಿಲ್ಲ. ಹೊಸ ತೋಟೆ ಸಿಗದ ಕೋವಿಯಲ್ಲಿ ಅಭ್ಯಾಸ ಮಾಡಲಾಗದು, ಅಭ್ಯಾಸವಿಲ್ಲದ ಕೋವಿ ರಾತ್ರಿ ಎರಡು ಗಂಟೆಗೆ ಕೈಗೆ ಹೊಸದೇ. ಈ ಕೋವಿಯಲ್ಲಿ ಗೌಡರು ಅದಕ್ಕೆ ಮೊದಲು ಕೊನೆಯ ಸಲ ಹೊಡೆದದ್ದು 1991ರಲ್ಲಿ.

ಆ ರಾತ್ರಿ ನಿಜವಾಗಿ ನಡೆದದ್ದು

ಗೌಡರು, ಅವರ ಮಗ, ಕಾವಲಿನ ಅಜ್ಜ, ಮೂವರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿದೆ. ಮೂರೂ ಸೇರಿಸಿದಾಗ ಚಿತ್ರ ಹೀಗೆ ಮೂಡಿತು.

ಗೌಡರು ನಡುಮನೆಯಲ್ಲೇ ಎರಡೂ ನಳಿಗೆಗೆ ತೋಟೆ ತುಂಬಿ ಎರಡೂ ಕುದುರೆ ಎಳೆದುಕೊಂಡರು. ಅದು ಮೊದಲ ತಪ್ಪು. ಜಗಲಿಗೆ ಹೋಗುವ ಓಣಿಯಲ್ಲಿ ಕೋವಿಯ ಬಾಯಿ ಬಾಗಿಲವಾಡಕ್ಕೆ ಬಡಿಯಿತು; ಮರದ ಮೇಲೆ ಆ ಗಾಯ ಈಗಲೂ ಇದೆ. ಜಗಲಿಗೆ ಬಂದಾಗ ಕಣದಲ್ಲಿ ಒಂದು ಟಾರ್ಚು, ಎರಡು ನೆರಳು, ರಸ್ತೆ ಕಡೆ ಇಂಜಿನ್ ಚಾಲೂ ಇದ್ದ ಪಿಕಪ್. ಮಗ ಒಳಗಿಂದ "ಅಪ್ಪಾ ಬೇಡ" ಎಂದ. ಗೌಡರು ಆಕಾಶಕ್ಕೆ ಒಂದು ಈಡು ಹೊಡೆದು ಹೆದರಿಸೋಣ ಎಂದು ಬಾಯಿ ಮೇಲೆತ್ತಿ ಬಲಗಡೆಯ ಗುಂಡಿ ಒತ್ತಿದರು. ಬಲನಳಿಗೆ ಹಾರಿದ ಏಟಿಗೆ ಅವರು ಹಿಂದಿನ ಕಂಬಕ್ಕೆ ಬಡಿದುಕೊಂಡರು, ಬಾಯಿ ಕೆಳಗಿಳಿಯಿತು, ಆ ಕ್ಷಣದಲ್ಲಿ ಸವೆದ ಕಚ್ಚು ಜಾರಿ ಎಡನಳಿಗೆಯೂ ಹಾರಿತು. ಎರಡನೆಯ ಈಡು ಆಕಾಶಕ್ಕೆ ಹೋಗಲಿಲ್ಲ. ಕಣದ ಮೇಲೆ ಹಾದು, ಪಾರ್ಚ್‌ಮೆಂಟ್ ರಾಶಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಅಜ್ಜನ ತಲೆಯ ಮೇಲಿಂದ, ಇಳಿಜಾರಿನ ಲೈನ್ ಮನೆಯ ಸೂರಿಗೆ ಹೋಯಿತು.

"ಮಳೆ ಬಿದ್ದಂಗಾಯ್ತು ಅಯ್ಯಾ, ಸಿಲ್ವರ್ ಮರದ ಎಲೆ ಮ್ಯಾಲೆ" ಎಂದರು ಅಜ್ಜ. ಈ ಮಾತನ್ನು ಹೇಳುವಾಗ ಅವರು ತಮ್ಮ ಟವೆಲ್ಲನ್ನು ಮಡಿಚುತ್ತಾ ಬಿಚ್ಚುತ್ತಾ ಇದ್ದರು.

ಕರಿಮದ್ದಿನ ಹೊಗೆ ಜನವರಿಯ ಥಂಡಿಗೆ ಮೇಲೇಳದೆ ಜಗಲಿಯಲ್ಲೇ ಕವಿದು ನಿಂತಿತು. ಗೌಡರಿಗೆ ಕಣ ಕಾಣಲಿಲ್ಲ. ಅಜ್ಜ ಎಲ್ಲಿದ್ದಾರೆ, ಕಳ್ಳರು ಎಲ್ಲಿದ್ದಾರೆ, ಹೋದರೋ ಇದ್ದಾರೋ, ಯಾವುದೂ ಗೊತ್ತಿಲ್ಲ. ಕಿವಿ ಗುಂಯ್ ಎನ್ನುತ್ತಿತ್ತು. ಕೈಯಲ್ಲಿ ಖಾಲಿ ಕೋವಿ, ಬಲಗೈ ಮೇಲೇಳುತ್ತಿಲ್ಲ. ಅಜ್ಜನ ಪ್ರಕಾರ ಕಳ್ಳರು ಓಡಲು ಶುರುಮಾಡಿದ್ದು ಜಗಲಿಯ ಲೈಟ್ ಹತ್ತಿದಾಗ, ಈಡಿಗೂ ಮೊದಲೇ.

ಒದೆತದ ಲೆಕ್ಕ

ಕೋವಿ ಮುಂದಕ್ಕೆ ಎಷ್ಟು ತಳ್ಳುತ್ತದೋ ಅಷ್ಟೇ ಹಿಂದಕ್ಕೂ ತಳ್ಳುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ. ಅಂಗಡಿಯಲ್ಲಿ ಮೆಣಸಿನ ಚೀಲ ತೂಗುವ ಕೊಕ್ಕೆಯ ತಕ್ಕಡಿಗೇ ಎರಡೂ ಕೋವಿ ನೇತುಹಾಕಿ ನೋಡಿದೆವು. ಎಂಟು ಬೋರು 6.6 ಕಿಲೋ, ಅದೇ ಅಂಗಡಿಯ ಒಂದು 12 ಬೋರಿನ ಜೋಡುನಳಿಗೆ 3.1 ಕಿಲೋ. 12 ಬೋರಿನಲ್ಲಿ 32 ಗ್ರಾಂ ಚರೆಯ ಸಾಮಾನ್ಯ ತೋಟೆ ಹೊಡೆದರೆ ಭುಜಕ್ಕೆ ಬರುವ ಒದೆತ ಸುಮಾರು 30ರಿಂದ 35 ಜೂಲ್. ಎಂಟು ಬೋರಿನ ಒಂದು ನಳಿಗೆಗೆ 57 ಗ್ರಾಂ ಚರೆ, 12 ಗ್ರಾಂ ಕರಿಮದ್ದು ಎಂದು ಲೆಕ್ಕ ಹಾಕಿದರೆ, ಕೋವಿ ಅಷ್ಟು ಭಾರವಿದ್ದೂ, 60 ಜೂಲಿನ ಹತ್ತಿರ. ಎರಡೂ ಒಟ್ಟಿಗೆ ಹಾರಿದರೆ ಅದರ ಎರಡರಷ್ಟಲ್ಲ, ನಾಲ್ಕರಷ್ಟು, ಯಾಕೆಂದರೆ ಕೋವಿ ಹಿಂದೆ ಸರಿಯುವ ವೇಗ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟು. ಗೌಡರ ಭುಜಕ್ಕೆ ಬಿದ್ದದ್ದು ಪೂರಾ ಒಟ್ಟಿಗೆ ಅಲ್ಲದಿದ್ದರೂ ಒಂದರ ಬೆನ್ನಿಗೆ ಒಂದು. ಮೂಳೆ ಬಿರುಕು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಗೌಡರ ಮಗ ಇಲ್ಲಿ ಒಂದು ಒಳ್ಳೆಯ ಪ್ರಶ್ನೆ ಎತ್ತಿದ. "ಮಾವ, ಇದು ಹಳೇದು ಅಂತ ಹೀಗಾಯ್ತು. ಹೊಸ 10 ಬೋರ್ ಆದ್ರೆ?" ಹತ್ತು ಬೋರು ಈಗಲೂ ಹೊರದೇಶದಲ್ಲಿ ಹೆಬ್ಬಾತಿನ ಶಿಕಾರಿಗೆ ಬಳಕೆಯಲ್ಲಿದೆ. ಮೂರೂವರೆ ಇಂಚಿನ ತೋಟೆಯಲ್ಲಿ 57ರಿಂದ 64 ಗ್ರಾಂ ಚರೆ, ನಾಲ್ಕೂವರೆ ಕಿಲೋ ದಾಟುವ ಕೋವಿ, ಒದೆತ 70 ಜೂಲ್ ಮೀರುತ್ತದೆ. 1988ರಲ್ಲಿ 12 ಬೋರಿನಲ್ಲೇ ಮೂರೂವರೆ ಇಂಚಿನ ತೋಟೆ ಬಂದ ಮೇಲೆ ಅಲ್ಲೂ ಅದರ ಬೇಡಿಕೆ ಕುಗ್ಗಿತು. ಬಾತು ಹೊಡೆಯುವವನಿಗೆ ಐವತ್ತು ಮೀಟರ್ ಎತ್ತರದಲ್ಲಿ ಚರೆಯ ಮೋಡ ದಟ್ಟವಾಗಿರಬೇಕು, ಅದಕ್ಕೆ ಹೆಚ್ಚು ಚರೆ ಬೇಕು. ಮನೆ ಕಾಯುವವನಿಗೆ ಜಗಲಿಯಿಂದ ಕಣ, ನಡುಮನೆಯಿಂದ ಬಾಗಿಲು. ಎರಡರ ಲೆಕ್ಕವೇ ಬೇರೆ.

ಅಂಗೈ, ಊಟದ ತಟ್ಟೆ, ಮೊರ

ಗೌಡರ ತಲೆಯಲ್ಲಿ ಇನ್ನೊಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು, ನಮ್ಮ ಕಡೆ ಬಹಳ ಜನರ ತಲೆಯಲ್ಲೂ ಇದೆ: ದೊಡ್ಡ ಬೋರಾದರೆ ಚರೆ ಅಗಲಕ್ಕೆ ಹರಡುತ್ತದೆ, ಗುರಿ ಹಿಡಿಯುವ ಕಷ್ಟವಿಲ್ಲ. ಇದನ್ನು ಮಾತಲ್ಲಿ ಬಿಡಿಸಲು ಆಗಲಿಲ್ಲ.

ಪಕ್ಕದ ತೋಟದವರ ಲೈಸೆನ್ಸಿನಲ್ಲಿ ಗುರಿ ಅಭ್ಯಾಸಕ್ಕೂ ಅನುಮತಿ ಇದೆ. ಅವರ ತೋಟದಲ್ಲಿ ಎತ್ತರದ ಮಣ್ಣಿನ ದರೆಯೊಂದರ ಮುಂದೆ ಬಿದಿರಿನ ಚೌಕಟ್ಟಿಗೆ ಹಳೇ ದಿನಪತ್ರಿಕೆಯ ಹಾಳೆ ಕಟ್ಟಿದೆವು. ಲೈಸೆನ್ಸುದಾರರೇ ತಮ್ಮ 12 ಬೋರಿನಲ್ಲಿ, ಚೋಕ್ ಇಲ್ಲದ ನಳಿಗೆಯಿಂದ ಎಸ್‌ಜಿ ಎಂಬ ದಪ್ಪ ಚರೆಯ ತೋಟೆ ಹೊಡೆದರು, ತೋಟೆಗೆ ಒಂಬತ್ತು ಚರೆ. ಐದು ಮೀಟರಿನಲ್ಲಿ ಒಂಬತ್ತೂ ಚರೆ ಅಂಗೈಯಷ್ಟು ಜಾಗದಲ್ಲಿ. ಹತ್ತು ಮೀಟರಿನಲ್ಲಿ ಊಟದ ತಟ್ಟೆಯಷ್ಟು. ಇಪ್ಪತ್ತು ಮೀಟರಿಗೆ ಹೋದಾಗ ಮೊರದಷ್ಟಾಯಿತು, ಒಂದು ಚರೆ ಹಾಳೆಯಿಂದ ಆಚೆ. ಗೌಡರು ಐದು ಮೀಟರಿನ ಹಾಳೆಯ ತೂತಿನ ಮೇಲೆ ತಮ್ಮ ಎಡಗೈ ಅಂಗೈ ಇಟ್ಟು ನೋಡಿದರು. ಪೂರಾ ಮುಚ್ಚಿಹೋಯಿತು.

ಚರೆ ಹರಡುವುದು ನಳಿಗೆಯ ಅಗಲದಿಂದಲ್ಲ, ಬಾಯಿಯ ಚೋಕಿನಿಂದ ಮತ್ತು ತೋಟೆ ತುಂಬಿದ ರೀತಿಯಿಂದ. ಅವರ ಎಂಟು ಬೋರಿಗೆ ಬಿಗಿ ಚೋಕ್ ಇರುವುದರಿಂದ ಮನೆಯೊಳಗಿನ ದೂರಕ್ಕೆ ಅದರ ಚರೆ ಇನ್ನೂ ಒತ್ತಾಗಿಯೇ ಹೋಗುತ್ತದೆ. ಅಂದರೆ ಗುರಿ ಹಿಡಿಯುವ ಕೆಲಸ ಯಾವ ಕೋವಿಯಲ್ಲೂ ತಪ್ಪುವುದಿಲ್ಲ, ದೊಡ್ಡದರಲ್ಲಿ ಅದು ಕಷ್ಟವಾಗುತ್ತದೆ ಅಷ್ಟೇ. ಇನ್ನು ಬಲದ ಮಾತು. ಒಂದು ಎಸ್‌ಜಿ ಚರೆ ಎಂಟು ಬೋರಿನಿಂದ ಬಂದರೂ ಹನ್ನೆರಡರಿಂದ ಬಂದರೂ ಅದೇ ದಪ್ಪ, ಹೆಚ್ಚು ಕಡಿಮೆ ಅದೇ ವೇಗ. ದೊಡ್ಡ ಬೋರು ಕೊಡುವುದು ಚರೆಯ ಎಣಿಕೆ ಮಾತ್ರ. ಹತ್ತು ಮೀಟರಿನಲ್ಲಿ ಒಂಬತ್ತು ಚರೆ ಮಾಡದ ಯಾವ ಕೆಲಸವನ್ನು ಹದಿನಾರು ಮಾಡುತ್ತದೆ? ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವ ಕಾವಲುಗಾರರ ಹೆಗಲಿಗೆ 12 ಬೋರೇ ಇರುವುದು ಬಡತನದಿಂದಲ್ಲ.

ಆದರೆ ತಪ್ಪಿದ ಚರೆ ಎಲ್ಲಿಗೆ ಹೋಗುತ್ತದೆ ಎನ್ನುವಲ್ಲಿ ಎಣಿಕೆಗೆ ಬೆಲೆ ಬರುತ್ತದೆ. ಎಸ್‌ಜಿಯಂಥ ದಪ್ಪ ಚರೆ ಐನೂರು ಮೀಟರಿಗೂ ಮೀರಿ ಹೋಗಿ ಬೀಳಬಲ್ಲದು. ಕಣದಿಂದ ಆ ಲೈನ್ ಮನೆಗೆ ನಾನು ಹೆಜ್ಜೆ ಹಾಕಿ ಅಳೆದೆ, ನೂರ ನಲವತ್ತು ಮೀಟರ್. ಆ ಮನೆಯ ತಾಯಿ ಒಡೆದ ಹೆಂಚಿನ ಚೂರುಗಳನ್ನು ಎಸೆಯದೆ ಗೋಡೆಗೂಡಿನಲ್ಲಿ ಇಟ್ಟಿದ್ದರು. ಯಾಕಮ್ಮ ಎಂದೆ. ಅವರು ಉತ್ತರ ಹೇಳಲಿಲ್ಲ, ಚಿಕ್ಕ ಮಗು ಮಲಗುವ ಜಾಗ ತೋರಿಸಿದರು.

ಓಣಿಯಲ್ಲಿ ಪೈಪು ಹಿಡಿದು

ಜಮಾ ಇರುವ ಕೋವಿಯನ್ನು ಮನೆಗೆ ತಂದು ಪರೀಕ್ಷೆ ಮಾಡುವಂತಿಲ್ಲ. ಅದಕ್ಕೆ ಕಬ್ಬಿಣದ ಪೈಪಿನಲ್ಲಿ ಎರಡು ಅಣಕು ಕೋವಿ ಮಾಡಿದೆ. ಒಂದು 1 ಮೀಟರ್ 36 ಸೆಂಟಿಮೀಟರ್ ಉದ್ದ, ಮರಳು ತುಂಬಿ 6.6 ಕಿಲೋ. ಇನ್ನೊಂದು 1 ಮೀಟರ್ 14, 3.1 ಕಿಲೋ. ಗೌಡರ ಮನೆಯ ಓಣಿ ಮೂರೂವರೆ ಅಡಿ. ಮಗನಿಗೆ ವಯಸ್ಸು ಇಪ್ಪತ್ತೊಂಬತ್ತು, ಗಟ್ಟಿಗ, ತೋಟದಲ್ಲಿ ಚೀಲ ಹೊರುವವನು. ಅವನಿಗೇ ಕೊಟ್ಟೆ.

ದೊಡ್ಡ ಪೈಪು ಭುಜಕ್ಕೆ ಹಿಡಿದು ನಡುಮನೆಯಿಂದ ಜಗಲಿಗೆ ಹೋಗುವಷ್ಟರಲ್ಲಿ ಎರಡು ಕಡೆ ತಾಗಿತು. ಓಣಿಯ ತಿರುವಿನಲ್ಲಿ ಭುಜದಿಂದ ಇಳಿಸದೆ ತಿರುಗಲು ಆಗಲೇ ಇಲ್ಲ. ಚಿಕ್ಕದರಲ್ಲಿ ಒಮ್ಮೆಯೂ ತಾಗಲಿಲ್ಲ. ಜಗಲಿಯಲ್ಲಿ ನಿಂತು ಕಣದ ಮೂಲೆಯ ಕಂಬಕ್ಕೆ ಗುರಿ ಹಿಡಿದು ಅಲ್ಲಾಡದೆ ಇರು ಎಂದೆ. ದೊಡ್ಡದರಲ್ಲಿ ಇಪ್ಪತ್ತು ಎಣಿಸುವಷ್ಟರಲ್ಲಿ ತುದಿ ಇಳಿಯತೊಡಗಿತು, ನಲವತ್ತಕ್ಕೆ ತೋಳು ನಡುಗಿತು. ಚಿಕ್ಕದನ್ನು ನೂರು ಎಣಿಸಿದರೂ ಹಿಡಿದೇ ಇದ್ದ. ಆಮೇಲೆ ಒಂದು ಕೈಯಲ್ಲಿ ಟಾರ್ಚು ಹಿಡಿ ಎಂದೆ. ದೊಡ್ಡದನ್ನು ಕೆಳಗಿಟ್ಟುಬಿಟ್ಟ.

ಇದು ಬಹಳ ಮುಖ್ಯ ಅನಿಸುತ್ತದೆ ನನಗೆ. ಮನೆ ಕಾಯುವವನು ನೂರು ಸಲ ಕೋವಿ ಎತ್ತಿದರೆ ತೊಂಬತ್ತೊಂಬತ್ತು ಸಲ ಹೊಡೆಯಬಾರದು. ಯಾರು ಎಂದು ನೋಡಬೇಕು, ಟಾರ್ಚು ಬಿಡಬೇಕು, ಕೂಗಬೇಕು, ಒಂದು ಕೈಯಲ್ಲಿ 112ಕ್ಕೆ ಫೋನ್ ಒತ್ತಬೇಕು, ಕಾಯಬೇಕು. ಹೊಡೆಯದೆ ಹಿಡಿದಿರುವ ಹೊತ್ತೇ ಜಾಸ್ತಿ. ಆರೂವರೆ ಕಿಲೋ ಕೋವಿ ಅಷ್ಟು ಹೊತ್ತು ಕೊಡುವುದಿಲ್ಲ. ತೋಳು ಸೋಲುವ ಮೊದಲೇ ಹೊಡೆದುಬಿಡು ಎಂದು ಅದೇ ಅವಸರಪಡಿಸುತ್ತದೆ.

ಠಾಣೆಯಲ್ಲಿ ಮತ್ತು ಆನೆಯ ವಿಷಯದಲ್ಲಿ

ಕಳ್ಳತನದ ದೂರು ಕೊಡಲು ಹೋದಾಗ ಗೌಡರಿಗೆ ಮೊದಲು ಎದುರಾದದ್ದು ಈಡಿನ ಪ್ರಶ್ನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ರವರೆಗಿನ ಕಲಮುಗಳಲ್ಲಿದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಆಸ್ತಿಯ ರಕ್ಷಣೆಯಲ್ಲಿ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಲು ದರೋಡೆ, ರಾತ್ರಿ ಮನೆ ಮುರಿದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು ಇಂಥವು ಆಗಿರಬೇಕು, ಇಲ್ಲವೇ ಆ ಕಳ್ಳತನದಲ್ಲೇ ನಮ್ಮ ಜೀವಕ್ಕೋ ತೀವ್ರ ಗಾಯಕ್ಕೋ ನಿಜವಾದ ಭಯವಿರಬೇಕು. ಬಯಲು ಕಣದಿಂದ ಚೀಲ ಹೊತ್ತು ಓಡುವವನು ಇದರಲ್ಲಿ ಬರುವುದಿಲ್ಲ. ಗಾಳಿಯಲ್ಲಿ ಹೊಡೆದೆ ಎನ್ನುವುದೂ ಸಮಜಾಯಿಷಿಯಲ್ಲ; ಅಜಾಗರೂಕತೆಯಿಂದ ಹೊಡೆದು ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈನ್ ಮನೆಯ ಹೆಂಚು ಒಂದು ಅಡಿ ಕೆಳಗೆ ಒಡೆದಿದ್ದರೆ ಗೌಡರು ದೂರುದಾರರಾಗಿ ಉಳಿಯುತ್ತಿರಲಿಲ್ಲ.

ಆನೆಯ ಬಗ್ಗೆ ಹೇಳದೆ ಮುಗಿಸಿದರೆ ನಮ್ಮ ಕಡೆಯವರು ಒಪ್ಪುವುದಿಲ್ಲ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಬೆಳಗ್ಗೆ ಕುಯ್ಲಿಗೆ ಹೊರಡುವವರು ದೇವರ ಹೆಸರು ಹೇಳಿಕೊಂಡೇ ಹೊರಡುತ್ತಾರೆ, ಆ ಭಯ ಸುಳ್ಳಲ್ಲ. ಆದರೆ ಚರೆಕೋವಿ ಎಷ್ಟು ಬೋರಿನದಾದರೂ ಆನೆಗೆ ಚರೆ ಹೊಡೆದರೆ ಅದು ಅಲ್ಲೇ ಬೀಳುವುದಿಲ್ಲ, ಗಾಯ ಕೀವಾಗುತ್ತದೆ, ಗಾಯದ ಆನೆ ಮುಂದಿನ ತೋಟದಲ್ಲಿ ಸಿಕ್ಕವರ ಮೇಲೆ ಬೀಳಬಹುದು. 1972ರ ವನ್ಯಜೀವಿ ಕಾಯ್ದೆಯಲ್ಲಿ ಆನೆ ಒಂದನೇ ಪಟ್ಟಿಯ ಪ್ರಾಣಿ. ಜೀವ ಉಳಿಸಿಕೊಳ್ಳಲು ಒಳ್ಳೆಯ ಮನಸ್ಸಿನಿಂದ ಮಾಡಿದ್ದಕ್ಕೆ 11ನೇ ಕಲಮಿನಲ್ಲಿ ರಕ್ಷಣೆ ಇದೆ, ಜಗಲಿಯಿಂದ ಬಾಳೆಗಿಡ ಉಳಿಸಲು ಹೊಡೆದದ್ದಕ್ಕೆ ಇಲ್ಲ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರಿನ ಹತ್ತಿರ ಕಾಡಾನೆ ಹಿಡಿಯಲು ಹೋಗಿದ್ದ ದಸರೆಯ ಆನೆ ಅರ್ಜುನನೇ ಕಾಡಾನೆಯ ಎದುರು ಉಳಿಯಲಿಲ್ಲ. ಅದರ ಮುಂದೆ ಬಾತುಕೋಳಿಯ ಕೋವಿ ಹಿಡಿದು ನಿಲ್ಲುತ್ತೇನೆ ಎನ್ನುವವರನ್ನು ನಾನು ಕಾಲು ಹಿಡಿದಾದರೂ ತಡೆಯುತ್ತೇನೆ.

ಈಗ

ಗೌಡರು ಒಪ್ಪಿದ್ದು ಐದು ಮೀಟರಿನ ಹಾಳೆಗೋ, ಒಡೆದ ಹೆಂಚಿಗೋ ಗೊತ್ತಿಲ್ಲ. ಎಂಟು ಬೋರನ್ನು ಅಂಗಡಿಗೇ ಬಿಟ್ಟುಕೊಟ್ಟು ಆ ಜಾಗಕ್ಕೆ 12 ಬೋರಿನ ಜೋಡುನಳಿಗೆಗೆ ಅರ್ಜಿ ಹಾಕಿದರು. ಇಪ್ಪತ್ತೆಂಟು ಇಂಚಿನ ನಳಿಗೆ, ಮೂರು ಕಿಲೋ ಚಿಲ್ಲರೆ. ಒದೆತ ಕಡಿಮೆ ಎಂದು 20 ಬೋರು ನೋಡಬಹುದಿತ್ತು, ಆದರೆ ಅದರ ತೋಟೆಯೂ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಮತ್ತೆ ಬಿಸ್ಕೆಟ್ ಡಬ್ಬಿಯ ಕಥೆಯೇ ಆಗುತ್ತಿತ್ತು. ಹಿತ್ತಾಳೆ ತೋಟೆಗಳನ್ನೂ ಅಂಗಡಿಗೇ ಒಪ್ಪಿಸಿ ರಸೀತಿ ಪಡೆದಿದ್ದಾರೆ.

ಕೋವಿಗಿಂತ ಮೊದಲು ಬೇರೆ ಕೆಲಸಗಳಾದವು. ಒಣಗಿದ ಚೀಲ ಈಗ ರಾತ್ರಿ ಕಣದಲ್ಲಿ ಉಳಿಯುವುದಿಲ್ಲ, ಸಂಜೆಯೇ ಗೋಡೌನಿಗೆ ಹೋಗಿ ಬೀಗ ಬೀಳುತ್ತದೆ. ಕಣಕ್ಕೆ ಎರಡು ದೊಡ್ಡ ಲೈಟು, ಸ್ವಿಚ್ಚು ಗೌಡರ ಮಂಚದ ಪಕ್ಕ. ರಸ್ತೆಯ ಕಡೆ ಗೇಟು. ಲೈನ್ ಮನೆಗೆ ಹೊಸ ಹೆಂಚು ಹಾಕಿಸುವಾಗ ಗೌಡರು ತಾವೇ ಹೋಗಿ ನಿಂತಿದ್ದರು, ಪಟ್ಟಿ ಕಟ್ಟಿದ ಭುಜದಲ್ಲೇ.

ಕಾವಲಿನ ಅಜ್ಜ ಮಾತ್ರ ಒಂದು ಕರಾರು ಹಾಕಿದರು. "ಗೌಡ್ರೇ, ಇನ್ಮೇಲೆ ಒಳಗಿಂದ ಏನ್ ಹಿಡ್ಕೊಂಡ್ ಬಂದ್ರೂ ಮೊದ್ಲು ನನ್ನ ಕೂಗಿ. ನಾನು ಓ ಅಂದ್ಮೇಲೆ ಬಾಗ್ಲು ತೆಗೀರಿ." ಮೊನ್ನೆ ಆ ಮನೆಯಲ್ಲಿ ಉಳಿದಿದ್ದೆ. ಹನ್ನೊಂದು ಗಂಟೆಗೆ ನಾಯಿ ಬೊಗಳಿತು. ಗೌಡರು ಎದ್ದು ಮೊದಲು ಲೈಟ್ ಹಾಕಿದರು, ಕಿಟಕಿಯಿಂದಲೇ ಅಜ್ಜನನ್ನು ಕೂಗಿದರು. ಕಣದ ಆಚೆಯಿಂದ "ಓ" ಬಂತು. ಕಾಡುಹಂದಿ ಅಂತೆ.